ಪಾದರಸ ಹೋದರೂ ಅಳತೆ ಉಳಿಯಿತು
ಇಟಲಿಯ ವೈದ್ಯ ರಿವಾ-ರೊಚ್ಚಿ 1896ರಲ್ಲಿ ರೂಪಿಸಿದ ರಕ್ತದೊತ್ತಡ ಮಾಪಕಕ್ಕೆ ಪಾದರಸವೇ ಜೀವಾಳ. ಮುಳವಾಡದಂಥ ಊರಿನವರಿಗೂ 'ಬಿ.ಪಿ. ನೋಡುವುದು' ಎಂದರೆ ದಶಕಗಳ ಕಾಲ ಆ ಪೆಟ್ಟಿಗೆಯೇ.

ಆದರೆ ಗಾಜು ಒಡೆದರೆ ಪಾದರಸದ ಆವಿ ವಿಷ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ಪಾದರಸದ ದುರಂತದ ಹೆಸರು ಹೊತ್ತ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ರೂಪುಗೊಂಡಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಡಿಜಿಟಲ್ ಮಾಪಕಗಳ ಬಳಕೆ ಹೆಚ್ಚಿತು.

ಕಾನೂನೂ ಬದಲಾಯಿತು. 2017ರ ನಿಯಮಗಳು ವೈದ್ಯಕೀಯ ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವಿಂಗಡಿಸಿದವು. 2020ರ ಏಪ್ರಿಲ್‌ನಿಂದ ಕಾನೂನಿನ ಕಣ್ಣಿಗೆ ಅವೆಲ್ಲ ಔಷಧಿಗಳೇ.

ಆದರೂ ಲೈಸೆನ್ಸೊಂದೇ ಸಾಲದು. ಡಿಜಿಟಲ್ ಅಂಕಿ ತಪ್ಪಿದರೆ ಕಣ್ಣಿಗೆ ಕಾಣದು. ಅಂಕಿ ತಪ್ಪಿದರೆ ಮಾತ್ರೆಯೂ ತಪ್ಪೀತು. ಕಾಲಕಾಲಕ್ಕೆ ತಾಳೆ ನೋಡಲೇಬೇಕು. ರಕ್ತದೊತ್ತಡವನ್ನು ಹೇಳುವುದು ಇಂದಿಗೂ ಪಾದರಸದ ಮಿಲಿಮೀಟರ್‌ಗಳಲ್ಲೇ.