ಕ್ಯಾಸೆಟ್‌ನಲ್ಲಿ ಬಂದ ಶರೀಫರು

ನಮ್ಮ ಸೀಮೆಗೆ ಶಿಶುನಾಳ ಶರೀಫರು ಬಂದದ್ದು ಕ್ಯಾಸೆಟ್‌ನಲ್ಲಿ. ಹೊಳೆನರಸೀಪುರದಲ್ಲಿ ಅಂಗಡಿ ಇಟ್ಟುಕೊಂಡು ಅದನ್ನು ಮಾರಿದವನು ನಾನು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಸಂತೆಗೆ ಬಂದ ಹಳ್ಳಿಯವರು ಕವಿಯ ಹೆಸರನ್ನಾಗಲಿ ಹಾಡಿದವರ ಹೆಸರನ್ನಾಗಲಿ ಹೇಳುತ್ತಿರಲಿಲ್ಲ. "ಅಣ್ಣೋ, ಕೋಳಿ ಕೋತೀನ ನುಂಗೋ ಪದ ಐತಾ?" ಅಷ್ಟೇ. ಹೊಸದು ಕೊಳ್ಳಲು ಕಾಸಿಲ್ಲದವರು ಮನೆಯಲ್ಲಿದ್ದ ಹಳೇ ಕ್ಯಾಸೆಟ್ ತಂದು, ಇದರಲ್ಲಿರೋ ಹರಿಕಥೆ ಅಳಿಸಿ ಅದನ್ನೇ ತುಂಬಿಸಿಕೊಡಿ ಎನ್ನುತ್ತಿದ್ದರು.

ಅಸಲಿಗೆ ಶರೀಫರು ನಮ್ಮ ಕಡೆಯವರಲ್ಲ. ದಾವಣಗೆರೆ ದಾಟಿ ಇನ್ನೂ ಮುಂದೆ, ಶಿಗ್ಗಾವಿ ತಾಲೂಕಿನ ಶಿಶುವಿನಹಾಳ ಅವರ ಊರು. 1819ರಲ್ಲಿ ಹುಟ್ಟಿದರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರ್ ಶಾ ವಲಿಯವರ ದರ್ಗಾಕ್ಕೆ ನಡೆದುಕೊಳ್ಳುತ್ತಿದ್ದ ಮನೆತನ. ಅವರ ವರದಿಂದಲೇ ಮಗು ಹುಟ್ಟಿತೆಂದು ಆ ಕಡೆಯ ಜನ ಹೇಳುತ್ತಾರೆ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಶಾಲೆಯಲ್ಲಿ ಮೇಷ್ಟರಾಗಿದ್ದರು. ಆಮೇಲೆ ಅದನ್ನು ಬಿಟ್ಟು ಕಳಸದ ಗೋವಿಂದ ಭಟ್ಟರ ಹಿಂದೆ ಹೋದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯವರು ಬೈದರು, ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಕುಂದಗೋಳದ ಫಾತಿಮಾ ಅವರೊಡನೆ ಮದುವೆಯಾಯಿತು, ಆಕೆ ಬೇಗ ತೀರಿಕೊಂಡರು. 1889ರಲ್ಲಿ ಶರೀಫರು ಹೋದಾಗ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಮಣ್ಣು ಮಾಡಿದರು. ಇವತ್ತಿಗೂ ಆ ಗದ್ದುಗೆಗೆ ಇಬ್ಬರೂ ನಡೆದುಕೊಳ್ಳುತ್ತಾರೆ.

ಇಷ್ಟನ್ನೂ ನಾವು ತಿಳಿದದ್ದು ಹಾಡು ಬಾಯಿಗೆ ಬಂದು ಎಷ್ಟೋ ಕಾಲದ ಮೇಲೆ. ಮೊದಲು ಕೇಳಿದ್ದು ದನಿ. ಆ ದನಿ ಮಾತ್ರ ನಮ್ಮ ಕಡೆಯದೇ. ಸಿ. ಅಶ್ವಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡಿದ ಮನುಷ್ಯ. ಶರೀಫರ ಪದಗಳನ್ನು ಸುಗಮ ಸಂಗೀತದ ಕಡೆಗೆ ತಂದವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಜನ ಅವರನ್ನು ಶರೀಫ ಭಟ್ಟರೆಂದೇ ಕರೆದರು. ಗೋವಿಂದ ಭಟ್ಟರ ಶಿಷ್ಯನಿಗೆ ನೂರು ವರ್ಷದ ಮೇಲೆ ಮತ್ತೊಬ್ಬ ಭಟ್ಟರು ಸಿಕ್ಕಂತಾಯಿತು! 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಶ್ರೀಧರ್ ಶರೀಫರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರು, ಸಂಗೀತ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ನನ್ನ ಅಂಗಡಿಯಲ್ಲಿ ಅದರ ಕ್ಯಾಸೆಟ್ ನಿಲ್ಲುತ್ತಲೇ ಇರಲಿಲ್ಲ.

ಅಶ್ವಥ್ ಕಿರುಚುತ್ತಾರೆ ಎಂದು ಮೂಗು ಮುರಿದವರೂ ಇದ್ದರು. ಅರಕಲಗೂಡು ತಾಲೂಕಿನಲ್ಲಿ ಕಾವೇರಿ ದಂಡೆಯ ಮೇಲೆ ರುದ್ರಪಟ್ಟಣವಿದೆ, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರು ಹುಟ್ಟಿದ ಊರು. ಆ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಒರಟು ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಶರೀಫರದು ತತ್ವಪದ, ಅದು ಬಯಲಲ್ಲಿ, ಮೈಕಿಲ್ಲದೆ, ಕಡೇ ಸಾಲಲ್ಲಿ ಕೂತವನಿಗೂ ಕೇಳುವಂತೆ ಹಾಡಬೇಕಾದದ್ದು. ಎದೆಯಿಂದಲೇ ಕೂಗಬೇಕು. ನನ್ನ ತಕರಾರು ಅಶ್ವಥ್ ಅವರ ಗಂಟಲಿನ ಮೇಲಲ್ಲ, ಅದರ ಸುತ್ತ ತುಂಬಿಸಿದ ವಾದ್ಯಗಳ ಮೇಲೆ.

ಈ ಹಾಡುಗಳು ನಿಜವಾಗಿ ಬೇರು ಬಿಟ್ಟದ್ದು ಸಾವಿನ ಮನೆಯಲ್ಲಿ. ನಮ್ಮ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಮುಂದೆ ರಾತ್ರಿಯೆಲ್ಲಾ ಭಜನೆ. ಹಾರ್ಮೋನಿಯಂ, ತಾಳ, ಗೆಜ್ಜೆ ಕಟ್ಟಿದ ಚಿಟಿಕೆ. ಕೈವಾರದ ನಾರಾಯಣಪ್ಪ, ನಿಜಗುಣ ಶಿವಯೋಗಿ, ಸರ್ಪಭೂಷಣ ಶಿವಯೋಗಿ, ದಾಸರ ಪದ, ಇವಿಷ್ಟು ಮೊದಲಿಂದ ಇದ್ದದ್ದು. ಎಂಬತ್ತರ ದಶಕದಲ್ಲಿ ಇವುಗಳ ನಡುವೆ ಸೋರುವ ಮಾಳಿಗೆಯ ಪದ ಬಂದು ಕೂತಿತು. ಶರೀಫರ ಕಣ್ಣ ಮುಂದಿದ್ದದ್ದು ಅವರ ಸೀಮೆಯ ಮಣ್ಣಿನ ಮಾಳಿಗೆ. ನಮ್ಮದು ಹೆಂಚಿನ ಮನೆ. ಆದರೂ ಒಬ್ಬರೂ ಅರ್ಥ ಕೇಳಲಿಲ್ಲ. ಮುಂಗಾರಿಗೆ ಮೊದಲು ಹೆಂಚು ಸರಿಮಾಡಿಸದಿದ್ದರೆ ಒಳಗೆ ಏನಾಗುತ್ತದೆಂದು ಬಲ್ಲವರು, ದೇಹವೆಂಬ ಮನೆ ಸೋರುವುದನ್ನು ಯಾರೂ ಬಿಡಿಸಿ ಹೇಳದೆಯೇ ಹಿಡಿದರು. ಭಜನೆಯವರು ಒಂದೊಂದು ಸಾಲನ್ನೂ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಎಷ್ಟೋ ಟೇಪು ಆ ಜಾಗದಲ್ಲೇ ಸವೆದು ನನ್ನ ಅಂಗಡಿಗೆ ವಾಪಸ್ ಬಂದಿವೆ.

ಆದರೂ ಕ್ಯಾಸೆಟ್ ನಮಗೆ ಕೊಟ್ಟದ್ದು ಅರ್ಧ ಶರೀಫರನ್ನು. ಅವರು ಮೊಹರಮ್ಮಿಗೆ ಕಟ್ಟಿದ ಪದಗಳಿವೆ. ಆ ಕಡೆ ರಿವಾಯತು ಎನ್ನುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ, ಹೆಜ್ಜೆ ಹಾಕುತ್ತಾ ಹಾಡುವಂಥವು. ಹುಬ್ಬಳ್ಳಿಯ ಗಿರಣಿ ನೋಡಿ ಕಟ್ಟಿದ ಪದವೂ ಇದೆ. ನಾನು ಮಾರಿದ ಯಾವ ಕ್ಯಾಸೆಟ್‌ನಲ್ಲೂ ರಿವಾಯತು ಇರಲಿಲ್ಲ. ಬೇಡುವವರಿಲ್ಲ ಎಂದುಕೊಂಡರೋ ಏನೋ. ನಮ್ಮಲ್ಲಿ ಅದಕ್ಕೆ ಜಾಗವಿಲ್ಲದೆ ಇರಲಿಲ್ಲ. ನಮ್ಮವರು ಬಾಬಯ್ಯನ ಹಬ್ಬ ಎನ್ನುವ ಮೊಹರಮ್ಮನ್ನು ಈ ಕಡೆಯ ಎಷ್ಟೋ ಊರುಗಳಲ್ಲಿ ಗೌಡರು, ಕುರುಬರು, ಸಾಬರು ಎಲ್ಲ ಸೇರಿ ಮಾಡುತ್ತಿದ್ದರು. ಬಾಬಯ್ಯನಿಗೆ ಸಕ್ಕರೆ ಓದಿಸುವುದು, ಹರಕೆ ಹೊತ್ತ ಹುಡುಗನಿಗೆ ಹುಲಿ ವೇಷ, ಕೆಂಡ ಹಾಯುವುದು. ತಮಟೆ ಇತ್ತು, ಕುಣಿತ ಇತ್ತು. ಹಾಡು ಬಂದಿದ್ದರೆ ಅಲ್ಲೇ ಸೇರಿಕೊಳ್ಳುತ್ತಿತ್ತು ಅನ್ನೋದು ನನ್ನ ನಂಬಿಕೆ. ತತ್ವಪದದ ಶರೀಫರು ಎಲ್ಲರ ಮನೆಗೂ ಬಂದರು, ಮೊಹರಮ್ಮಿನ ಶರೀಫರು ಶಿಗ್ಗಾವಿಯಲ್ಲೇ ಉಳಿದರು. ಭಾವೈಕ್ಯದ ಹೆಸರಲ್ಲಿ ಮೆರೆಸಿದ ಕವಿಗೆ ಹೀಗಾದದ್ದು ನನಗೆ ಸರಿಕಾಣಲಿಲ್ಲ.

ಅಶ್ವಥ್ 2009ರಲ್ಲಿ ತೀರಿಕೊಂಡದ್ದೂ ಡಿಸೆಂಬರ್ 29ರಂದೇ. ಶರೀಫರೂ ಹುಟ್ಟಿದ ತಾರೀಖಿಗೇ ಹೋದರೆಂದು ಹೇಳುವುದುಂಟು. ಅದನ್ನು ಕೇಳಿದ ಮೇಲೆ ಭಜನೆಯವರು ಇಬ್ಬರಿಗೂ ಒಟ್ಟಿಗೇ ಕೈ ಮುಗಿಯುತ್ತಾರೆ. ಕ್ಯಾಸೆಟ್ ಹೋಯಿತು, ಸಿ.ಡಿ.ಯೂ ಹೋಯಿತು, ಈಗ ಎಲ್ಲ ಮೊಬೈಲಲ್ಲಿ. ಆದರೆ ಟೇಪು ಒಂದು ರೂಢಿ ಬಿಟ್ಟುಹೋಗಿದೆ. ಕೈವಾರದವರ ಪದವನ್ನು ಊರಿಗೊಂದು ಧಾಟಿಯಲ್ಲಿ ಹಾಡುವ ಜನವೇ ಶರೀಫರದನ್ನು ಮಾತ್ರ ಅಶ್ವಥ್ ಹಾಡಿದ ಹಾಗೇ ಹಾಡುತ್ತಾರೆ. ಚರಣಗಳ ನಡುವೆ ಬರುವ ವಾದ್ಯದ ತುಣುಕನ್ನೂ ಬಿಡದೆ ಹಾರ್ಮೋನಿಯಂನಲ್ಲಿ ನುಡಿಸುತ್ತಾರೆ. ಅಪ್ಪಿತಪ್ಪಿ ಬಿಟ್ಟರೆ, ಹೆಣದ ಪಕ್ಕ ಕೂತವರೇ ತಲೆ ಎತ್ತಿ, "ನಡುವೆ ಮ್ಯೂಜಿಕ್ ಬರ್ಬೇಕಲ್ಲಪ್ಪಾ" ಎನ್ನುತ್ತಾರೆ.