ಕೋಶಪೊರೆ ಹೊದಿಸಿದ ನ್ಯಾನೊಕಣಗಳು

ಜೀವಕೋಶದಿಂದ ಬಿಡಿಸಿದ ಪೊರೆಯನ್ನು ಹೊದ್ದು ರಕ್ತದಲ್ಲಿ ಔಷಧ ಸಾಗಿಸುವ ಅತಿಸೂಕ್ಷ್ಮ ಕಣಗಳು. ಹೊರಗಿನಿಂದ ಬಂದ ಕಣವನ್ನು ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ಬೇಗ ನುಂಗಿಬಿಡುತ್ತವೆ. ಮನುಷ್ಯನ ಕೆಂಪು ರಕ್ತಕಣವಾದರೋ ಸುಮಾರು 120 ದಿನ ಬದುಕುತ್ತದೆ. ಅದರ ಮೇಲಿನ ಸಿಡಿ47 ಪ್ರೋಟೀನು ‘ನುಂಗಬೇಡ’ ಎಂಬ ಸಂಕೇತ ನೀಡುವುದು ಇದಕ್ಕೊಂದು ಕಾರಣ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಯಾಂಗ್‌ಫಾಂಗ್ ಜಾಂಗ್ ತಂಡ ಕೆಂಪುಕಣಗಳನ್ನು ಒಡೆದು, ಹಿಮೋಗ್ಲೋಬಿನ್ ತೊಳೆದು, ಉಳಿದ ಪೊರೆಯನ್ನು ಪಿಎಲ್‌ಜಿಎ ಪಾಲಿಮರ್ ಕಣಗಳೊಡನೆ ಸೂಕ್ಷ್ಮರಂಧ್ರಗಳ ಮೂಲಕ ಒತ್ತಿ ಹಾಯಿಸಿತು. ದೊರೆತದ್ದು ಸುಮಾರು 80 ನ್ಯಾನೊಮೀಟರ್ ಗಾತ್ರದ ಕಣ.

ದೀರ್ಘಕಾಲ ಸುತ್ತಾಡಿದ ಮಾತ್ರಕ್ಕೆ ಗುರಿ ಸಿಕ್ಕಂತಲ್ಲ. 2015ರಲ್ಲಿ ಅದೇ ತಂಡ ಬಳಸಿದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಪೊರೆ ಈ ಕೊರತೆಯನ್ನು ಸೊಗಸಾಗಿ ತುಂಬಿತು. ಗಾಯಗೊಂಡ ರಕ್ತನಾಳಕ್ಕೂ ಕೆಲವು ಬ್ಯಾಕ್ಟೀರಿಯಗಳಿಗೂ ಅದು ತಾನಾಗಿಯೇ ಅಂಟಿಕೊಳ್ಳುತ್ತದೆ. ಒಂದೇ ಗುಣಮಟ್ಟದ ಪೊರೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಈ ವಿಧಾನದ ಮುಖ್ಯ ತೊಡಕು.