ವಯಸ್ಕರ ಆನ್‌ಲೈನ್ ಕಲಿಕೆಯಲ್ಲಿ ಸೃಜನಶೀಲ ಚಿಂತನೆ

ಕೆಲಸ, ಸಂಸಾರಗಳ ನಡುವೆ ಆನ್‌ಲೈನ್ ತರಗತಿಗೆ ಸೇರುವ ವಯಸ್ಕರಲ್ಲಿ ಒಂದು ಅಭ್ಯಾಸ ಸಾಮಾನ್ಯ. ಪ್ರಶ್ನೆ ಬಂದೊಡನೆ ಇತರರ ಉತ್ತರ ನೋಡಿ, ಅದನ್ನೇ ಸ್ವಲ್ಪ ಬದಲಿಸಿ ಬರೆಯುವುದು. ಇದಕ್ಕೆ ಹೆಚ್ಚಾಗಿ ಸೋಮಾರಿತನ ಕಾರಣವಲ್ಲ. ತಪ್ಪಾದರೆ ನಾಲ್ಕು ಜನರ ಮುಂದೆ ಮರ್ಯಾದೆ ಹೋದೀತೆಂಬ ಅಂಜಿಕೆ.

ಸರಿಯಾದ ಒಂದೇ ಉತ್ತರ ಹುಡುಕುವ ಯೋಚನೆ ಬೇರೆ, ಒಂದು ಪ್ರಶ್ನೆಯಿಂದ ಹಲವು ಕಡೆ ಹರಡುವ ಯೋಚನೆ ಬೇರೆ ಎಂದು ವಿಂಗಡಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೆ.ಪಿ. ಗಿಲ್‌ಫರ್ಡ್. ಇಟ್ಟಿಗೆಯಿಂದ ಏನೇನು ಉಪಯೋಗವಿದೆ ಎಂಬುದು ಈ ಬಗೆಯ ಪರೀಕ್ಷೆಯ ಪ್ರಸಿದ್ಧ ಪ್ರಶ್ನೆ. ಕಾಸರಗೋಡಿನ ಕಡೆ ಅಡಿಕೆ ಹಾಳೆಯ ಬಗ್ಗೆ ಕೇಳಿದರೂ ಸಾಕು. ಮುಟ್ಟಾಳೆ, ತಟ್ಟೆ, ಬೀಸಣಿಗೆ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿಗೇ ನಿಲ್ಲಿಸದೆ ಹತ್ತು ಉಪಯೋಗ ಕೇಳಬೇಕು. ಸ್ವಂತ ಯೋಚನೆ ಶುರುವಾಗುವುದು ಗೊತ್ತಿದ್ದದ್ದು ಮುಗಿದ ಮೇಲೆ.

ಗುಂಪಾಗಿ ಕುಳಿತು, ಟೀಕೆ ಮಾಡದೆ, ತೋಚಿದ್ದನ್ನೆಲ್ಲ ಹೇಳುವ 'ಬ್ರೈನ್‌ಸ್ಟಾರ್ಮಿಂಗ್' ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜಾಹೀರಾತು ಉದ್ಯಮದ ಅಲೆಕ್ಸ್ ಆಸ್ಬರ್ನ್. ಅವರ 'ಅಪ್ಲೈಡ್ ಇಮ್ಯಾಜಿನೇಶನ್' ಪುಸ್ತಕ 1953ರಲ್ಲಿ ಬಂತು. ಆದರೆ 1958ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದ ಫಲಿತಾಂಶ ಬೇರೆಯೇ ಇತ್ತು. ಒಟ್ಟಿಗೆ ಕುಳಿತ ನಾಲ್ವರಿಗಿಂತ, ಬೇರೆ ಬೇರೆ ಕುಳಿತು ಯೋಚಿಸಿದ ನಾಲ್ವರ ವಿಚಾರಗಳನ್ನು ಕೂಡಿಸಿದಾಗ ಸಂಖ್ಯೆ ಹೆಚ್ಚಾಗಿತ್ತು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕಾಗುವುದೇ ಇದಕ್ಕೆ ಮುಖ್ಯ ಕಾರಣವೆಂದು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ತೋರಿಸಿದರು.

ಆನ್‌ಲೈನ್ ಕಲಿಕೆಗೆ ಇದು ಅನುಕೂಲದ ಸಂಗತಿ. ಇಲ್ಲಿ ಎಲ್ಲರೂ ಏಕಕಾಲಕ್ಕೆ ಬರೆಯಬಹುದು, ಸರದಿ ಕಾಯಬೇಕಿಲ್ಲ. 2002ರಲ್ಲಿ ಬಿಡುಗಡೆಯಾದ 'ಮೂಡಲ್' ಎಂಬ ಉಚಿತ ತಂತ್ರಾಂಶದಲ್ಲಿ, ತಾನು ಉತ್ತರ ಹಾಕುವವರೆಗೆ ಇತರರ ಉತ್ತರ ಕಾಣದಂತೆ ಮಾಡುವ ವ್ಯವಸ್ಥೆಯಿದೆ. ಬರೇ ವಾಟ್ಸಾಪ್ ಗುಂಪಿನಲ್ಲಿ ನಡೆಯುವ ತರಗತಿಯಾದರೆ ಉತ್ತರಗಳನ್ನು ಶಿಕ್ಷಕರಿಗೆ ಖಾಸಗಿಯಾಗಿ ಕಳುಹಿಸಲು ಹೇಳಿ, ಸಂಜೆ ಎಲ್ಲವನ್ನೂ ಹೆಸರಿಲ್ಲದೆ ಗುಂಪಿಗೆ ಹಾಕಬಹುದು. ಅಂಕ ಕೊಡುವುದಿದ್ದರೂ ಈ ಹಂತದಲ್ಲಿ ಬೇಡ.

ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳುವೋ ಕನ್ನಡವೋ ಆಡುವವರು ತರಗತಿಯಲ್ಲಿ ಮಲಯಾಳ ಅಥವಾ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಪದ ಹುಡುಕುವಷ್ಟರಲ್ಲಿ ಯೋಚನೆಯೇ ಜಾರಿಹೋಗುತ್ತದೆ. ಮೊದಲ ಕರಡು ಯಾವ ಭಾಷೆಯಲ್ಲಿದ್ದರೂ ಸರಿ, ಎರಡು ಭಾಷೆ ಬೆರೆತಿದ್ದರೂ ಸರಿ ಎಂದು ಶಿಕ್ಷಕರು ಮೊದಲೇ ತಿಳಿಸುವುದು ಒಳ್ಳೆಯದು. ಟೈಪಿಂಗ್ ಬಾರದವರು ಧ್ವನಿಮುದ್ರಿಸಿ ಕಳುಹಿಸಲಿ. ಭಾಷೆ ತಿದ್ದುವ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು.